ಹೂಂ ಎನ್ನುವ ಮೊದಲೇ

ಆರು ಕುದುರೆಗಳೂ ಒಂದೇ ಸಲ ಓಟಕ್ಕೆ ಇಳಿದವು. ಯಾರೂ ಏನೂ ಹೇಳಿರಲಿಲ್ಲ.

ಅಂಗಳದ ನಡುವೆ ನಿಂತಿದ್ದ ಹುಡುಗಿ ಹೇಳಲೆಂದು ಬಾಯಿ ತೆರೆದಿದ್ದಳು, ಅಷ್ಟೆ. ತೆರೆದ ಬಾಯಿ ಹಾಗೇ ಉಳಿಯಿತು. ಸಡಿಲವಾಗಿ ಕುಳಿತಿದ್ದ ಕಲಿಯುವವರೆಲ್ಲ ಜೀನಿನ ಮೇಲೆ ಕುಲುಕಿ ಹೋದರು. ಕೊನೆಯ ಕುದುರೆಯ ಮೇಲಿದ್ದ ದಪ್ಪ ಮೈಯ ಹಲ್ಲಿನ ಡಾಕ್ಟರು ಎರಡೂ ಕೈಯಲ್ಲಿ ಜೂಲು ಹಿಡಿದುಕೊಂಡು, "ಅಯ್ಯೋ, ಇದಕ್ಕೆ ಬ್ರೇಕ್ ಎಲ್ಲಿದೆ ಹೇಳ್ರಮ್ಮ!" ಎಂದು ಕೂಗಿದರು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಅವಳು ಕುದುರೆಗಳ ಕಿವಿಗಳನ್ನು ನೋಡುತ್ತಿದ್ದಳು. ಆರು ಜೊತೆ ಕಿವಿಗಳಲ್ಲಿ ಒಂದೂ ಅವಳ ಕಡೆಗಿರಲಿಲ್ಲ. ಕುದುರೆಗಳು ಅಂಗಳ ಸುತ್ತಿದಂತೆ ಕಿವಿಗಳೂ ನಿಧಾನವಾಗಿ ತಿರುಗುತ್ತಾ ಬೇಲಿಯಾಚೆಯ ಬೆಂಚಿನ ಕಡೆಗೇ ನಿಲ್ಲುತ್ತಿದ್ದವು.

ಬೆಂಚಿನ ಮೇಲೆ ಮೇಷ್ಟ್ರು ಕುಳಿತಿದ್ದರು. ಕೊರಳಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದ್ದರು. ಅದರ ಕೆಳಗೆ ಈಗ ಅವರು ಉಸಿರಾಡುವ ತೂತು ಇತ್ತು. ಗಂಟಲಿನ ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದು ಎರಡು ತಿಂಗಳಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಸವಾರಿ ಶಾಲೆಗೆ ಕಾಲಿಟ್ಟದ್ದು ಇದೇ ಮೊದಲು. ತೊಡೆಯ ಮೇಲೊಂದು ಸ್ಲೇಟು, ಜೇಬಿನಲ್ಲಿ ಬಳಪ. ಅವರು ಏನನ್ನೂ ಬರೆದಿರಲಿಲ್ಲ, ಕೈ ಆಡಿಸಿರಲಿಲ್ಲ. ಮೂಲೆ ಬಂತಲ್ಲ, ಈಗ ಹೊರಡಿಸಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದರು. ಅಂದುಕೊಂಡದ್ದಷ್ಟೇ.

"ಮೇಷ್ಟ್ರು ಬಂದ್ರಲ್ಲ, ಅದಕ್ಕೇ ಇವಕ್ಕೆ ಹುರುಪು," ಎಂದ ಮುಕ್ಕಾಲು, ಗೊಬ್ಬರದ ತಳ್ಳುಗಾಡಿ ನಿಲ್ಲಿಸಿ. ಲಾಯದ ಕೆಲಸ ಮಾಡುತ್ತಲೇ ಮುದುಕನಾದವನು ಅವನು. ಯಾವ ಕಾಲದಲ್ಲೋ ಕುದುರೆಯೊಂದು ತುಳಿದು ಬಲಪಾದದ ಎರಡು ಬೆರಳು ಹೋಗಿದ್ದವು. ನನಗಿರೋದು ಒಂದೂಮುಕ್ಕಾಲು ಕಾಲು ಎಂದು ಅವನೇ ಹೇಳಿಕೊಂಡು ತಿರುಗಿ, ಹೆಸರೇ ಅದಾಗಿತ್ತು.

ಮೇಷ್ಟ್ರು ಅವನತ್ತ ನೋಡಿ ನಕ್ಕರು. ಖುಷಿಯಾಗಿತ್ತು. ನಲವತ್ತೊಂದು ವರ್ಷದ ಕಸುಬು, ತಾವೇ ಪಳಗಿಸಿದ ಪ್ರಾಣಿಗಳು, ಮರೆತಿಲ್ಲ. ಅವರು ಇನ್ನೊಮ್ಮೆ ಅಂಗಳದತ್ತ ತಿರುಗಿ, ಸಾಕು, ನಡಿಗೆ, ಎಂದುಕೊಂಡರು. ಆರೂ ಕುದುರೆಗಳು ನಡಿಗೆಗೆ ಇಳಿದವು. ಡಾಕ್ಟರು ಮುಗ್ಗರಿಸಿ ಕುದುರೆಯ ಕುತ್ತಿಗೆಯನ್ನು ತಬ್ಬಿಕೊಂಡರು.

ಆಗ ಮೇಷ್ಟ್ರ ನಗು ನಿಂತಿತು.

ಹುಡುಗಿ ಅವರ ತಂಗಿಯ ಮಗಳು. ಇಪ್ಪತ್ತೆಂಟು ತುಂಬಿದ್ದರೂ ಇಲ್ಲಿ ಎಲ್ಲರಿಗೂ ಹುಡುಗಿಯೇ. ತಾಯಿ ತೀರಿಕೊಂಡ ವರ್ಷ ಶಾಲೆ ಬಿಟ್ಟು ಮಾವನ ಮನೆಗೆ ಬಂದವಳು, ಮರುದಿನವೇ ಬೂದಿ ಎಂಬ ಕುದುರೆಯ ಅಮ್ಮನ ಬೆನ್ನೇರಿದ್ದಳು. ಈಗ ಬೂದಿಗೇ ಹದಿನಾಲ್ಕು. ಮೇಷ್ಟ್ರು ಆಸ್ಪತ್ರೆ ಸೇರಿದಾಗಿನಿಂದ ಪಾಠ ಮಾಡುತ್ತಿದ್ದವಳು ಅವಳೇ. ಆ ಎರಡು ತಿಂಗಳು ಅವಳು ಪಟ್ಟ ಪಾಡನ್ನು ಅವರು ಮಂಚದ ಮೇಲೆ ಮಲಗಿ ಕೇಳಿದ್ದರು. "ಕದಲೋದೇ ಇಲ್ಲ ಮಾವ. ಹತ್ತಿದವರು ಒದ್ದರೂ ಇಲ್ಲ, ನಾನು ಗಂಟಲು ಹರ್ಕೊಂಡರೂ ಇಲ್ಲ. ಗೋಡೆಗೆ ಜೀನು ಹಾಕಿದ ಹಾಗಿದೆ," ಎಂದಿದ್ದಳು. ಆಗ ಅವರು ಸ್ಲೇಟಿನಲ್ಲಿ ಬರೆದಿದ್ದರು: "ಕಾಲಿನಿಂದ ಮಾತಾಡಿಸು, ಬಾಯಿಂದ ಅಲ್ಲ." ಅದು ಅವರ ಹಳೆಯ ಮಾತು. ಅಂಗಳದ ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿಯೂ ಇತ್ತು.

ಪಾಠ ಮುಗಿದ ಮೇಲೆ ಮುಕ್ಕಾಲು ಬೆಂಚಿನ ಬಳಿ ಬಂದು ಕುಳಿತ. "ಎರಡು ತಿಂಗಳು ಇವು ನಿಮ್ಮ ಹೂಂಗೆ ಕಾದವು ನೋಡಿ," ಎಂದ.

ಮೇಷ್ಟ್ರು ಸ್ಲೇಟಿನ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದರು.

"ಅದೇ ರೀ, ಹೂಂ. ನೀವು ಇವರಿಗೆಲ್ಲ ಉದ್ದಕ್ಕೆ ಹೇಳೋರು, ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ಮೂಲೆ ಬಂದಾಗ ಕಾಲು ಒತ್ತಿ, ಅಂತ. ಅದೆಲ್ಲ ಮುಗಿದ ಮೇಲೆ ಮೆಲ್ಲಗೆ ಒಂದು ಹೂಂ ಅನ್ನೋರು. ಕುದುರೆ ಹೊರಡ್ತಿದ್ದದ್ದು ಅದಕ್ಕೇ." ಅವನು ಅವರ ಮುಖ ನೋಡಿದ. "ಯಾಕೆ, ನಿಮಗೆ ಗೊತ್ತಿರಲಿಲ್ವಾ?"

ಮೇಷ್ಟ್ರು ಬಳಪವನ್ನು ಎರಡು ಬೆರಳಲ್ಲಿ ಹೊರಳಿಸುತ್ತಾ ಕುಳಿತರು. ಗೊತ್ತಿರಲಿಲ್ಲ. ತಮ್ಮ ಬಾಯಿಂದ ಅಂಥ ಸದ್ದೊಂದು ಬರುತ್ತಿತ್ತೆಂದೇ ಗೊತ್ತಿರಲಿಲ್ಲ.

"ನಾನೂ ಎಷ್ಟೋ ಸಲ ಲಾಯದಲ್ಲಿ ನಿಮ್ಮ ಥರ ಹೂಂ ಅಂದು ನೋಡಿದೀನಿ," ಎಂದ ಮುಕ್ಕಾಲು. "ಒಂದೂ ಕಿವಿ ಅಲ್ಲಾಡಿಸಲ್ಲ, ಕಳ್ಳನನ್ಮಕ್ಕಳು."

ಅಂದರೆ ನಲವತ್ತೊಂದು ವರ್ಷ ಈ ಅಂಗಳದಲ್ಲಿ ಸವಾರಿ ಕಲಿತು ಹೋದವರು? ಕಾಲು ಒತ್ತಿದೆವು, ಕುದುರೆ ಹೊರಟಿತು ಎಂದು ನಂಬಿ, ಕೈಕುಲುಕಿ, ಫೋಟೋ ತೆಗೆಸಿಕೊಂಡು ಹೋದವರು? ಅವರಲ್ಲಿ ಯಾರು ಕುದುರೆ ಓಡಿಸಿದ್ದರು, ಯಾರು ಬರೀ ಕುಳಿತಿದ್ದರು? ಮೇಷ್ಟ್ರು ತಲೆ ಎತ್ತಿದಾಗ ಹುಡುಗಿ ಅಂಗಳದ ಆ ತುದಿಯಲ್ಲಿ ಬೂದಿಯ ಜೀನು ಬಿಚ್ಚುತ್ತಿದ್ದಳು. ಅವಳಿಗೆ ಅವರು ಹತ್ತೊಂಬತ್ತು ವರ್ಷ ಕಲಿಸಿದ್ದರು.

ಮರುದಿನ ಅವರು ಬೆಂಚಿನ ಮೇಲೆ ಕೂರಲಿಲ್ಲ. ಹುಲ್ಲಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅಲ್ಲಿಂದ ಅಂಗಳ ಕಾಣುವುದಿಲ್ಲ, ಗೊರಸಿನ ಸದ್ದಷ್ಟೇ ಕೇಳುತ್ತದೆ. ಕೊರಳ ತೂತಿನಿಂದ ಹೊರಡುವ ಗಾಳಿ ಕುದುರೆಗಳಿಗೆ ಕೇಳಿಸುತ್ತಿರಬೇಕು. ಅವುಗಳ ಕಿವಿ ನಮ್ಮ ಕಿವಿಯಂತಲ್ಲ. ಹಾಗೆಂದು ಸಮಾಧಾನ ಮಾಡಿಕೊಂಡು, ಬಟ್ಟೆಯ ಮೇಲೆ ಅಂಗೈ ಮುಚ್ಚಿ, ಉಸಿರು ಹಿಡಿದು, ಒಮ್ಮೆ ಹೊರಡು ಎಂದುಕೊಂಡರು. ಗೋಡೆಯಾಚೆ ನಡಿಗೆಯ ನಾಲ್ಕು ಸದ್ದು ಮುರಿದು ಟ್ರಾಟಿನ, ಎಂದರೆ ಕಿರುಓಟದ, ಎರಡು ಸದ್ದಾಯಿತು. ಜೊತೆಗೆ ಹುಡುಗಿಯ ಧ್ವನಿ: "ನಾನಿನ್ನೂ ಹೇಳಿಲ್ಲ! ಯಾರು ಒತ್ತಿದ್ದು? ಯಾರು?"

ಯಾರೂ ಒತ್ತಿಲ್ಲವೆಂದು ಎಲ್ಲರೂ ಆಣೆ ಇಟ್ಟರು.

ಅದರ ಮರುದಿನ ರಸ್ತೆಯಿಂದ. ಅದರ ಮರುದಿನ ಮನೆಯಿಂದ. ಮನೆ ರಸ್ತೆಯ ಆ ಬದಿಗೆ, ಮಹಡಿಯ ಮೇಲೆ. ಅಡುಗೆಮನೆಯ ಕಿಟಕಿಯಿಂದ ಅಂಗಳದ ಅರ್ಧ ಕಾಣುತ್ತಿತ್ತು. ಅಲ್ಲಿ ನಿಂತು ಅವರು ಅಂದುಕೊಂಡರು. ಅಂಗಳದಲ್ಲಿ ಕುದುರೆಗಳು ಓಡಿದವು. ಕಿಟಕಿ ಮುಚ್ಚಿ, ಪರದೆ ಎಳೆದು ಅಂದುಕೊಂಡರು, ಸದ್ದು ಬದಲಾಯಿತು.

"ಏನ್ರೀ ಅದು, ಪರದೆ ಹಿಂದೆ ನಿಂತು ಕಣ್ಣು ಮುಚ್ಚಿಕೊಳ್ಳೋದು?" ಎಂದಳು ಹೆಂಡತಿ. "ಆಚೆ ಲಾಯದಲ್ಲಿ ನನ್ನ ಸವತಿಯರು ಆರು ಜನ ಇದಾರೆ ಅಂತ ನನಗೆ ಮೊದಲಿಂದ ಗೊತ್ತು. ಕದ್ದು ನೋಡಬೇಕಾಗಿಲ್ಲ, ನೆಟ್ಟಗೆ ನೋಡಿ."

ಅವರು ಅವಳಿಗೂ ಹೇಳಲಿಲ್ಲ. ಬರೆದು ತೋರಿಸಿದರೆ ಅಳಿಸುವವರೆಗೂ ಅದು ಸ್ಲೇಟಿನ ಮೇಲೆ ಇರುತ್ತದೆ. ಅಷ್ಟು ಹೊತ್ತು ಅದನ್ನು ನೋಡುವ ಧೈರ್ಯ ಅವರಿಗಿರಲಿಲ್ಲ.

ಮಂಗಳವಾರ ಅವರು ತಪಾಸಣೆಗೆಂದು ಊರಿನ ಆ ತುದಿಯ ಆಸ್ಪತ್ರೆಗೆ ಹೋದರು. ಎರಡು ಬಸ್ಸು ಬದಲಿಸಿ ಹೋಗುವ ದಾರಿ. ಕಾಯುವ ಜಾಗದಲ್ಲಿ ಕಬ್ಬಿಣದ ಕುರ್ಚಿಗಳ ಸಾಲು, ಗೋಡೆಯ ಮೇಲೊಂದು ಗಡಿಯಾರ. ಹತ್ತೂಕಾಲಿಗೆ ಅವರು ಕಣ್ಣು ಮುಚ್ಚಿ, ಎಡಕ್ಕೆ ಸುತ್ತುವಾಗ ಹೇಳುತ್ತಿದ್ದ ಆಜ್ಞೆಯನ್ನು ನೆನೆದರು: ಕ್ಯಾಂಟರ್, ಎಡಗಾಲು ಮುಂದೆ. ಟ್ರಾಟಿಗಿಂತ ಮೇಲಿನ ಓಟ ಅದು, ಮೂರು ಸದ್ದಿನದು. ಎಡಕ್ಕೆ ತಿರುಗುವ ಕುದುರೆ ಎಡಗಾಲನ್ನೇ ಮುಂದೆ ಚಾಚಬೇಕು. ನೆನೆದು, ಕಣ್ಣು ತೆರೆದರು. ಎದುರಿನ ಕುರ್ಚಿಯ ಹೆಂಗಸು ಅವರ ಕೊರಳ ಬಟ್ಟೆಯನ್ನು ನೋಡುತ್ತಿದ್ದವಳು ಬೇರೆ ಕಡೆ ತಿರುಗಿದಳು. ಏನೂ ಆಗಲಿಲ್ಲ. ಇಷ್ಟು ದೂರದಲ್ಲಿ ಏನಾಗಬೇಕು? ವಾರದಲ್ಲಿ ಮೊದಲ ಬಾರಿ ಅವರ ಭುಜ ಇಳಿಯಿತು.

ಸಂಜೆ ಮುಕ್ಕಾಲು ಮೆಟ್ಟಿಲು ಹತ್ತಿ ಮನೆಗೆ ಬಂದ. ಮೆಟ್ಟಿಲೆಂದರೆ ಅವನಿಗೆ ಆಗದು, ಆದರೂ ಬಂದಿದ್ದ.

"ಮೇಷ್ಟ್ರೇ, ಇವತ್ತು ಒಂದು ವಿಚಿತ್ರ ಆಯ್ತು. ಬೆಳಗ್ಗೆ ಪಾಠ ಇರಲಿಲ್ಲ, ಎಲ್ಲಾ ಲಾಯದಲ್ಲೇ ಕಟ್ಟಿದ್ದೆ, ಹುಲ್ಲು ತಿಂತಾ ಇದ್ವು. ಇದ್ದಕ್ಕಿದ್ದ ಹಾಗೆ ಮೇಯೋ ಸದ್ದು ನಿಂತುಹೋಯ್ತು. ಆರೂ ಒಟ್ಟಿಗೆ. ತಿರುಗಿ ನೋಡ್ತೀನಿ, ಆರೂ ಮುಂದಿನ ಎಡಗಾಲು ಎತ್ತಿಕೊಂಡು ನಿಂತಿವೆ. ಕೆಳಗೆ ಇಡ್ತಾನೇ ಇಲ್ಲ." ಅವನು ತನ್ನ ಕೈಯನ್ನು ಮಣಿಕಟ್ಟಿನಲ್ಲಿ ಮಡಚಿ ತೋರಿಸಿದ. "ಕಲ್ಲೇನಾದ್ರೂ ಸಿಕ್ಕಿತಾ ಅಂತ ಒಂದೊಂದರ ಗೊರಸೂ ನೋಡಿದೆ. ಆರಕ್ಕೂ ಒಂದೇ ಸಲ ಕಲ್ಲು ಸಿಗುತ್ತಾ, ಹೇಳಿ?"

"ಎಷ್ಟು ಗಂಟೆಗೆ?" ಎಂದು ಮೇಷ್ಟ್ರು ಬರೆಯಲಿಲ್ಲ.

ಮುಕ್ಕಾಲು ಹೋದ ಮೇಲೆ ಹುಡುಗಿ ಒಳಗೆ ಬಂದು ಅವರ ಎದುರಿಗೆ ನೆಲದ ಮೇಲೆ ಕುಳಿತಳು. ಅವಳ ಪರೀಕ್ಷೆ ಗುರುವಾರ. ಸವಾರಿ ಶಾಲೆಯನ್ನು ನಡೆಸುವ ಮಂಡಳಿ ಹೊರಗಿನಿಂದ ಪರೀಕ್ಷಕಿಯೊಬ್ಬರನ್ನು ಕರೆಸಿತ್ತು. ಪಾಸಾದರೆ ಮೇಷ್ಟ್ರ ಜಾಗ ಅವಳಿಗೆ. ಇಲ್ಲವಾದರೆ ಬೇರೆ ಊರಿನ ಮೇಷ್ಟ್ರೊಬ್ಬರನ್ನು ಆಗಲೇ ಗೊತ್ತುಮಾಡಿದ್ದರು. ಹುಡುಗಿ ಬೇಕಾದರೆ ಲಾಯ ಗುಡಿಸಿಕೊಂಡು ಇರಬಹುದು ಎಂದಿದ್ದರು.

"ನಡಿಗೆ, ಟ್ರಾಟ್, ಆಮೇಲೆ ಎಡಕ್ಕೆ ಕ್ಯಾಂಟರ್," ಎಂದಳು. "ಬೂದಿ ಮೇಲೆ. ಎಲ್ಲಿಂದ ಹೊರಡಿಸಬೇಕು ಅನ್ನೋದನ್ನ ನಮಗೇ ಬಿಟ್ಟಿರ್ತಾರಂತೆ. ಅವರು ಸುಮ್ಮನೆ ನೋಡ್ತಾರಂತೆ."

ಮೇಷ್ಟ್ರು ತಲೆಯಾಡಿಸಿದರು.

"ಮಾವ, ಒಂದು ಮಾತು. ನಗಬೇಡಿ." ಅವಳು ಚಾಪೆಯ ಎಳೆಯೊಂದನ್ನು ಕೀಳುತ್ತಿದ್ದಳು. "ನಾನು ಕಾಲು ಒತ್ತಬೇಕು ಅಂತ ಇರ್ತೀನಿ. ಒತ್ತೋದರೊಳಗೆ ಬೂದಿ ಹೊರಟಿರುತ್ತೆ. ದಿನಾ. ಮೊದಲು ಕದಲ್ತಾನೇ ಇರಲಿಲ್ಲ, ಈಗ ನನಗಿಂತ ಮುಂಚೆ ಹೋಗುತ್ತೆ. ಮೇಲೆ ಕೂತಿರೋದು ನಾನು, ಆದ್ರೆ ನಾನು ಹತ್ತಿರೋದು ಯಾರ ಕುದುರೆ ಅನ್ನಿಸುತ್ತೆ." ಎಳೆ ಕಿತ್ತು ಬಂತು. "ನನಗೆ ಸವಾರಿ ಬರುತ್ತಾ ಮಾವ? ನಿಜ ಹೇಳಿ."

ಅವಳ ಕಣ್ಣು ಸ್ಲೇಟಿನ ಮೇಲಿತ್ತು. ಅವರು ಬಳಪವನ್ನು ಸ್ಲೇಟಿಗೆ ಮುಟ್ಟಿಸಿದರು. ಅದು ಅಲ್ಲಿ ಒಂದು ಚುಕ್ಕೆ ಇಟ್ಟು ನಿಂತಿತು. ಹತ್ತು ವರ್ಷದ ಹಿಂದೆಯಾಗಿದ್ದರೆ, ಎರಡು ತಿಂಗಳ ಹಿಂದೆಯಾಗಿದ್ದರೂ, ಯೋಚಿಸದೆ ಉತ್ತರ ಹೇಳುತ್ತಿದ್ದರು.

"ಹೋಗಲಿ ಬಿಡಿ," ಎಂದಳು ಅವಳು ಎದ್ದು. "ಗುರುವಾರ ನೀವು ಬಂದು ಬೆಂಚಿನ ಮೇಲೆ ಕೂತಿರಿ, ಸಾಕು. ನೀವಿದ್ರೆ ಅದು ಹೋಗುತ್ತೆ."

ಆ ಮಾತನ್ನು ಅವಳು ಧೈರ್ಯಕ್ಕೆಂದು ಹೇಳಿದ್ದಳೋ, ತಿಳಿದು ಹೇಳಿದ್ದಳೋ, ಅವರಿಗೆ ಗೊತ್ತಾಗಲಿಲ್ಲ.

ಬುಧವಾರವಿಡೀ ಅವರು ಅದನ್ನೇ ಮೆಲುಕು ಹಾಕಿದರು. ಬೆಂಚಿನ ಮೇಲೆ ಕುಳಿತರೆ ಕೆಲಸ ಸುಲಭ. ಮೂಲೆ ಬಂದಾಗ ಒಂದು ಹೂಂ. ಬೂದಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊರಡುತ್ತದೆ, ಪರೀಕ್ಷಕಿ ಬರೆದುಕೊಳ್ಳುತ್ತಾಳೆ, ಹುಡುಗಿಗೆ ಜಾಗ ಸಿಗುತ್ತದೆ. ಆಮೇಲೆ? ಅವರಿಗೆ ಅರವತ್ತೇಳು. ಅವರು ಹೋದ ಮರುದಿನ ಅವಳು ಗೋಡೆಯ ಮೇಲೆ ಕುಳಿತಿರುತ್ತಾಳೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅವರು ಹೋದ ಮರುದಿನವೂ ಅವು ಓಡಿದರೆ?

ಬೇಡ. ಅವಳು ಒತ್ತಿ ಕುದುರೆ ಹೊರಡಬೇಕು, ಇಲ್ಲವೇ ಹೊರಡಬಾರದು. ಎರಡರಲ್ಲಿ ಯಾವುದಾದರೂ ಅವಳದಾಗಿರಬೇಕು. ಅದಕ್ಕೆ ಗುರುವಾರ ಬೆಳಗ್ಗೆ ಅರ್ಧ ಗಂಟೆ ಅವರು ಸುಮ್ಮನಿದ್ದರಾಯಿತು. ದೂರ ಹೋಗಿ ಪ್ರಯೋಜನವಿಲ್ಲ. ಒಳಗೆ ಸುಮ್ಮನಿರಬೇಕು.

ಗುರುವಾರ ಬೆಳಗ್ಗೆ ಅವರು ಸ್ಲೇಟನ್ನು ಹೆಂಡತಿಯ ಮುಂದೆ ಹಿಡಿದರು: "ಅರ್ಧ ಗಂಟೆ ಕುದುರೆ ಬಗ್ಗೆ ಯೋಚಿಸಬಾರದು. ಹೇಗೆ?"

ಅವಳು ಓದಿದಳು. "ನಲವತ್ತು ವರ್ಷ ಮನೆ ಬಗ್ಗೆ ಹೇಗೆ ಯೋಚಿಸಲಿಲ್ವೋ, ಹಾಗೇ," ಎಂದಳು. ಆಮೇಲೆ ಅವರ ಮುಖ ನೋಡಿ ನಗು ಬಿಟ್ಟಳು. "ಹುಡುಗಿ ನಿಮಗೋಸ್ಕರ ಕಾಯ್ತಿರುತ್ತಲ್ರೀ. ಹೋಗಲ್ವಾ?"

ಅವರು ಇಲ್ಲವೆಂದು ತಲೆಯಾಡಿಸಿದರು. ಅವಳು ಯಾಕೆಂದು ಕೇಳಲಿಲ್ಲ. ಅಡುಗೆಮನೆಯಿಂದ ಹಸಿ ಬಟಾಣಿಯ ಬುಟ್ಟಿಯನ್ನೂ ಒಂದು ಪಾತ್ರೆಯನ್ನೂ ತಂದು ಅವರ ತೊಡೆಯ ಮೇಲಿಟ್ಟಳು. "ಎಣಿಸಿ," ಎಂದಳು.

ಅವರು ಕಿಟಕಿಗೆ ಬೆನ್ನು ಹಾಕಿ ಕುಳಿತು ಸಿಪ್ಪೆ ಬಿಡಿಸಿದರು. ಏಳು ಕಾಳು. ಆರು. ಎಂಟು. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದರಂತೆ; ಆಮೇಲೆ ಆ ರೋಗಿಗೆ ಲೋಟದ ತುಂಬಾ ಕೋತಿಯೇ. ರಸ್ತೆಯಾಚೆ ಅಂಗಳದ ಬಾಗಿಲು ಕಿರ್‍ರೆಂದಿತು. ಯಾರೋ ಮಾತಾಡಿದರು. ಬೂದಿಯ ನಡಿಗೆ ಅವರಿಗೆ ಗೊತ್ತು. ಹಿಂದಿನ ಬಲಗಾಲನ್ನು ಒಂದಿಷ್ಟು ಎಳೆಯುತ್ತದೆ. ಏಳು ಕಾಳು. ಐದು. ಒಂದು ಹುಳುಕು.

ನಡಿಗೆ ಮುರಿದು ಟ್ರಾಟ್ ಆಯಿತು.

ಮೇಷ್ಟ್ರ ಕೈ ನಿಂತಿತು. ಅದು ಯಾರದು? ತಾವು ಅಂದುಕೊಂಡರೇ? ಕಾಳೆಣಿಸುತ್ತಿದ್ದೆ ಎಂದುಕೊಂಡರು, ಆದರೆ ಕಾಳೆಣಿಸುವುದರ ಅಡಿಯಲ್ಲಿ ತಮ್ಮೊಳಗೇ ಇನ್ನೊಬ್ಬರು ಕುಳಿತು ಅಂಗಳ ನೋಡುತ್ತಿರಲಿಲ್ಲವೆಂದು ಹೇಗೆ ಹೇಳುವುದು? ನಲವತ್ತೊಂದು ವರ್ಷ ತಮಗೆ ತಿಳಿಯದೆ ಹೂಂ ಎಂದವರು ಅವರು.

ಅಂಗಳದ ಒಂದು ಗಿಡ್ಡ ಬದಿಗೆ ತಗಡಿನ ಗೋಡೆಯಿತ್ತು. ಕುದುರೆ ಅದರ ಹತ್ತಿರ ಹೋದಾಗ ಗೊರಸಿನ ಸದ್ದು ಎರಡಾಗಿ ಕೇಳುತ್ತದೆ. ಆ ಸದ್ದು ಬಂದಾಗ ಮೂಲೆ. ಕ್ಯಾಂಟರಿಗೆ ಅದೇ ಜಾಗ. ಮೂಲೆಯಲ್ಲಿ ಕುದುರೆಯ ಮೈ ತಾನಾಗಿ ಬಾಗಿರುತ್ತದೆ, ಎಡಗಾಲು ತಾನಾಗಿ ಮುಂದೆ ಬರುತ್ತದೆ. ಬೇರೆಲ್ಲೂ ಅವರು ಹೊರಡಿಸಿದವರಲ್ಲ, ಯಾರಿಗೂ ಬಿಟ್ಟವರಲ್ಲ.

ಸದ್ದು ಎರಡಾಯಿತು. ಅವರ ಎದೆ ತಾನಾಗಿ ಮೇಲೇರಿತು. ಮೇಷ್ಟ್ರು ಅದನ್ನು ಅಲ್ಲೇ ಹಿಡಿದರು. ಬಟಾಣಿಯನ್ನು ಕೈಯಲ್ಲಿ ಹಿಚುಕಿ, ಹಸಿರು ನೀರು ಮಣಿಕಟ್ಟಿಗೆ ಇಳಿಯುವವರೆಗೂ ಹಿಡಿದರು. ಸದ್ದು ಮತ್ತೆ ಒಂದಾಯಿತು. ಬೂದಿ ಮೂಲೆ ದಾಟಿತ್ತು, ಟ್ರಾಟಿನಲ್ಲೇ.

ಅವಳು ಕಾಯುತ್ತಿದ್ದಾಳೆ ಎಂದು ಅವರಿಗೆ ತಿಳಿಯಿತು. ಬೂದಿಯೂ ಕಾಯುತ್ತಿದೆ. ಅದರ ಕಿವಿ ಎತ್ತ ತಿರುಗಿದೆ ಎನ್ನುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಇನ್ನೊಂದು ಸುತ್ತು. ಮತ್ತೆ ತಗಡಿನ ಗೋಡೆ, ಮತ್ತೆ ಎರಡು ಸದ್ದು. ಪರೀಕ್ಷಕಿ ಈಗ ಮಂಡಳಿಯವರತ್ತ ನೋಡುತ್ತಿರಬಹುದು. ಒಂದು ಹೂಂ. ಒಂದೇ ಒಂದು, ಕೊನೆಯದು, ಯಾರಿಗೂ ತಿಳಿಯುವುದಿಲ್ಲ. ಅದು ಎದೆಯಿಂದ ಎದ್ದು ಗಂಟಲಿಗೆ ಬಂದು, ಅಲ್ಲಿ ಏನೂ ಇಲ್ಲದ ಕಡೆ ತಡಕಾಡಿತು. ಅವರು ಕಣ್ಣು ಮುಚ್ಚಿದರು. ಹೂಂ ಕೊಡಲಿಲ್ಲ. ಕೊಡಲಿಲ್ಲ. ಮೂಲೆ ದಾಟಿತು.

ಆಮೇಲೆ ಅವರೊಳಗೆ ಏನೂ ಇರಲಿಲ್ಲ. ಎಣಿಕೆಯೂ ಇಲ್ಲ, ಅಂಗಳವೂ ಇಲ್ಲ. ಪಾತ್ರೆಯಲ್ಲಿ ಕಾಳು, ಕಾಳಿನ ಮೇಲೆ ಬೆಳಕು.

ಉದ್ದದ ಬದಿಯ ನಡುಮಧ್ಯದಲ್ಲಿ, ಯಾವ ಮೂಲೆಗೂ ಹತ್ತಿರವಲ್ಲದ ಕಡೆ, ಅವರು ಎಂದೂ ಹೇಳದ, ಹೇಳಿದರೆ ತಪ್ಪೆನ್ನುತ್ತಿದ್ದ ಜಾಗದಲ್ಲಿ, ಗೊರಸಿನ ಸದ್ದು ಮೂರಾಯಿತು. ಸ್ವಚ್ಛವಾದ ಮೂರು. ಒಂದು ಎರಡು ಮೂರು, ನಡುವೆ ಒಂದು ಗಾಳಿ. ಒಂದು ಎರಡು ಮೂರು.

ಪಾತ್ರೆ ನೆಲಕ್ಕೆ ಬಿದ್ದು ಉರುಳಿದ ಸದ್ದಿಗೆ ಹೆಂಡತಿ ಒಳಗಿನಿಂದ ಬಂದಳು.

"ಅಯ್ಯೋ, ಎಲ್ಲಾ ಚೆಲ್ಲಿದ್ರಾ? ಯಾಕ್ರೀ ಎದ್ದು ನಿಂತಿದ್ದು?"

ಮೇಷ್ಟ್ರು ಕೆಳಗೆ ನೋಡಿದರು. ಅವರು ಕುರ್ಚಿಯಲ್ಲಿರಲಿಲ್ಲ. ಕೋಣೆಯ ನಡುವೆ ನಿಂತಿದ್ದರು. ಎಡಗಾಲು ಒಂದು ಹೆಜ್ಜೆ ಮುಂದಿತ್ತು, ಮೈಯ ಭಾರವೆಲ್ಲ ಅದರ ಮೇಲಿತ್ತು. ಏಳಬೇಕೆಂದು ಅವರು ಅಂದುಕೊಂಡಿರಲಿಲ್ಲ; ಅಂಗಳದಲ್ಲಿ ಅವಳು ಒತ್ತಿದ್ದಳು, ಇಲ್ಲಿ ಇವರ ಕಾಲು ಹೊರಟಿತ್ತು.

ಹೆಂಡತಿ ಮಂಡಿಯೂರಿ ಬಟಾಣಿ ಆರಿಸುತ್ತಾ ಆರಿಸುತ್ತಾ ಅವರ ಪಾದದ ಬಳಿ ಬಂದಳು. "ಕಾಲು ತೆಗೀರಿ, ಅಡಿಯಲ್ಲಿ ಕಾಳಿದೆ," ಎಂದಳು. ಅವರು ತೆಗೆಯಲು ನೋಡಿದರು. ಕಾಲು ಕೇಳಲಿಲ್ಲ. ಅವಳು ಬೆರಳಿನಿಂದ ಹಿಮ್ಮಡಿಯನ್ನು ಮೆಲ್ಲಗೆ ತಟ್ಟಿದಳು. "ತೆಗೀರಿ ಅಂದ್ರೆ."

ರಸ್ತೆಯಾಚೆ ಬೂದಿ ಇನ್ನೂ ಓಡುತ್ತಿತ್ತು.